ಪ್ರಧಾನಿಯ ಕಾಲಡಿಯ ಪೆಟ್ಟಿಗೆ

ನಾನು ಒಂದು ಮರದ ಪೆಟ್ಟಿಗೆ. ಕೆರಿಬಿಯನ್ ಸಮುದ್ರದ ಸೇಂಟ್ ಒರೆಲ್ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿದೆ. ಬಾಳೆಕಾಯಿಯನ್ನು ಹಡಗಿಗೆ ತುಂಬಲೆಂದು ಹಿಲೇರ್ ಎಂಬ ಬಡಗಿ ನನ್ನನ್ನು ಮಾಡಿದ. ಒಂದು ಮೂಲೆ ಓರೆಯಾಗಿದೆಯೆಂದು ಹಡಗಿನವರು ಬೇಡವೆಂದರು. ಪರದೇಶ ನೋಡುವ ಯೋಗ ತಪ್ಪಿತು. ಗೋದಾಮಿನ ಬಾಗಿಲಲ್ಲೇ ಉಳಿದೆ.

ಅಲ್ಲಿ ಕಾಯಿ ತೊಳೆಯುವ ಹೆಂಗಸರಲ್ಲಿ ಯುಡೋರಾ ಎಲ್ಲರಿಗಿಂತ ಗಿಡ್ಡ. ಒಂದು ದಿನ ಅವಳ ಗೆಳತಿ, ತುಂಬು ಬಸುರಿ ಕ್ಲೋತಿಲ್ಡ್, ಸೆಕೆಗೆ ತಲೆ ತಿರುಗಿ ಬಿದ್ದಳು. "ಮುಖಕ್ಕೆ ನೀರು ಹಾಕಿ, ಕೆಲಸಕ್ಕೆ ಹಚ್ಚಿ" ಎಂದ ಮೇಸ್ತ್ರಿ. ಯುಡೋರಾ ನನ್ನನ್ನು ಎಳೆದು ಬೋರಲು ಹಾಕಿ ಮೇಲೆ ನಿಂತಳು.

"ಇವಳಿಗೆ ವಿಶ್ರಾಂತಿ ಸಿಗುವವರೆಗೆ ಯಾರೂ ಕಾಯಿ ಮುಟ್ಟಬೇಡಿ."

ದನಿ ಗಟ್ಟಿಯಾಗಿತ್ತು. ಬರಿಗಾಲು ನಡುಗುತ್ತಿದ್ದದ್ದು ನನಗೊಬ್ಬನಿಗೇ ಗೊತ್ತು.

ಕೆಲಸ ನಿಂತಿತು. ಸಂಜೆಯೊಳಗೆ ಮಾಲೀಕರು ಬಗ್ಗಿದರು. ಕಾರ್ಮಿಕ ಸಂಘ ಹುಟ್ಟಿದ್ದು ಹೀಗೆ. ಅವಳು ಭಾಷಣಕ್ಕೆ ಹೋದಲ್ಲೆಲ್ಲ ಲಾರಿಯ ಹಿಂದೆ ನಾನೂ ಹೋದೆ. ದ್ವೀಪಕ್ಕೆ ಸ್ವಾತಂತ್ರ್ಯ ಬಂತು. ಚುನಾವಣೆ ಗೆದ್ದು ಯುಡೋರಾ ಪ್ರಧಾನಿಯಾದಳು. ಸಂಸತ್ತಿನ ಭಾಷಣಪೀಠ ಅವಳ ಗಲ್ಲಕ್ಕೆ ಬರುತ್ತಿತ್ತು.

"ಹೊಸ ಮೆಟ್ಟಿಲು ಮಾಡಿಸೋಣ ಮೇಡಂ" ಎಂದರು ಅಧಿಕಾರಿಗಳು.

"ಬೇಡ. ಈ ಪೆಟ್ಟಿಗೆಯ ಮೇಲೆ ನಿಂತರೇ ನನಗೆ ಮಾತು ಬರುವುದು."

ನನಗೆ ಕೆಂಪು ಜಮಖಾನ ಹೊದಿಸಿ ಮೊಳೆ ಹೊಡೆದರು. ಅವಳು ಶಾಲೆಗಳನ್ನು ತೆರೆದಳು, ಗುಡ್ಡದ ಮೇಲಿನ ಊರುಗಳಿಗೂ ಸೂಲಗಿತ್ತಿಯರನ್ನು ಕಳಿಸಿದಳು. ಬರಬರುತ್ತ ಬರಿಗಾಲಿನ ಜಾಗಕ್ಕೆ ಚರ್ಮದ ಬೂಟು ಬಂತು. ಕಾಲು ನಡುಗುವುದೂ ನಿಂತಿತು. ಅದು ಒಳ್ಳೆಯದೋ ಅಲ್ಲವೋ, ನನಗೆ ತಿಳಿಯಲಿಲ್ಲ.

ಆಮೇಲೆ ಬೆಲ್ ಕೊಲ್ಲಿಯ ಮರಳದಂಡೆಯನ್ನು ಹೋಟೆಲಿಗೆ ಕೊಡಲು ಅವಳು ಒಪ್ಪಿದಳು. ನಾಡಿಗೆ ಕೆಲಸ ಬೇಕಿತ್ತು. ಆದರೆ ಆ ದಂಡೆಯಲ್ಲಿ ದೋಣಿ ಕಟ್ಟಿಹಾಕುವ ಬೆಸ್ತರು ಎದ್ದು ಹೋಗಬೇಕಿತ್ತು. ಅವರು ರಸ್ತೆಯಲ್ಲೇ ಕುಳಿತುಬಿಟ್ಟರು. ಮುಂದೆ ಕುಳಿತವಳು ಕ್ಲೋತಿಲ್ಡ್, ಅವಳ ಗಂಡನ ದೋಣಿಯೂ ಅಲ್ಲೇ ಇತ್ತು.

ಪೊಲೀಸರನ್ನು ಕಳಿಸೋಣವೆಂದರು ಮಂತ್ರಿಗಳು. "ಮೊದಲು ನಾನು ಹೋಗುತ್ತೇನೆ" ಎಂದು ಅವಳು ನನ್ನನ್ನು ಕಾರಿಗೆ ಹಾಕಿಸಿದಳು. ರಸ್ತೆಯ ನಡುವೆ ನನ್ನ ಮೇಲೆ ನಿಂತು ಬಾಯಿ ತೆರೆಯುವಷ್ಟರಲ್ಲಿ ಕ್ಲೋತಿಲ್ಡ್ ಹೇಳಿದಳು:

"ಕೆಳಗಿಳಿ ಯುಡೋರಾ. ನಿನ್ನ ಮಾತು ಬೇಕಾದಷ್ಟು ಕೇಳಿದ್ದೇವೆ. ಇವತ್ತು ನಮ್ಮದು ಕೇಳು."

ಯುಡೋರಾ ಇಳಿದಳು. ಬೂಟು ಬಿಚ್ಚಿಟ್ಟು ಡಾಂಬರಿನ ಮೇಲೆ ಕುಳಿತಳು. ಬಿಸಿಲು ಇಳಿಯುವವರೆಗೂ ಒಬ್ಬೊಬ್ಬರೇ ಮಾತಾಡಿದರು. ಅವಳು ಕೊನೆಯವರೆಗೂ ಕೇಳಿದಳು.

ಮರುದಿನ ಅವಳು ಒಪ್ಪಂದ ರದ್ದು ಮಾಡಿದಳು. ಅದಕ್ಕೆ ಅವಳ ಪಕ್ಷದವರೇ ಅವಳನ್ನು ಅಧಿಕಾರದಿಂದ ಇಳಿಸಿದರು. ಹೊಸ ಪ್ರಧಾನಿ ಎತ್ತರದ ಆಳು, ನನ್ನ ಅಗತ್ಯವಿರಲಿಲ್ಲ. ಯುಡೋರಾ ನನ್ನನ್ನು ಕೇಳಿ ಪಡೆದು ಮನೆಗೆ ಒಯ್ದಳು.

"ಕುರ್ಚಿ ಹೋದದ್ದಕ್ಕೆ ಬೇಜಾರಿಲ್ಲವಾ?" ಒಮ್ಮೆ ಕ್ಲೋತಿಲ್ಡ್ ಕೇಳಿದಳು.

"ಇದೆ. ಉತ್ತರದ ಊರುಗಳಿಗೆ ಆಸ್ಪತ್ರೆ ಕಟ್ಟಬೇಕಿತ್ತು. ಅದು ಹಾಗೇ ಉಳಿಯಿತು."

ಕ್ಲೋತಿಲ್ಡ್ ಅವಳ ಪಕ್ಕಕ್ಕೆ ಸರಿದು ಕುಳಿತಳು.

ಯುಡೋರಾ ತೀರಿಕೊಂಡು ಬಹಳ ಕಾಲವಾಯಿತು. ಈಗ ನಾನು ಕ್ಲೋತಿಲ್ಡಳ ಹಿತ್ತಿಲ ಜಗಲಿಯಲ್ಲಿದ್ದೇನೆ. ಜಮಖಾನ ಹರಿದಿದೆ, ಮೊಳೆಗಳು ತುಕ್ಕು ಹಿಡಿದಿವೆ. ಒಳಗೆ ಹಳೆಯ ಬಲೆಗಳಿವೆ. ಯುಡೋರಾಳನ್ನು ಸಾವಿರಾರು ಜನರಿಗೆ ಕಾಣುವಂತೆ ಎತ್ತಿದವನು ನಾನೇ ಎಂದು ಬಹಳ ದಿನ ಬೀಗುತ್ತಿದ್ದೆ. ಆದರೆ ಆ ರಸ್ತೆಯಲ್ಲಿ ಅವಳು ನನ್ನ ಮೇಲಿಂದ ಇಳಿದು ಕುಳಿತಾಗ ಹಿಂದಿನ ಸಾಲಿನವರು ಅವಳನ್ನು ನೋಡಲು ಎದ್ದು ನಿಂತಿದ್ದರು.