ಕೆರೂರ ಬಾಯಾರ ಚೀಟಿ ಪೆಟ್ಟಿಗೆ

ನಾನು ಒಂದು ಚೀಟಿ ಪೆಟ್ಟಿಗೆ. ಸಾಗವಾನಿಯ ಮೈ, ಎದುರಿಗೆ ಹಿತ್ತಾಳೆಯ ಹಿಡಿ ಹಿಡಿದು ಎಳೆಯುವ ಖಾನೆ, ಹೊಟ್ಟೆಯುದ್ದಕ್ಕೂ ಒಂದು ಹಿತ್ತಾಳೆ ಸರಳು. ಒಳಗಿಡುವ ಪ್ರತಿ ಚೀಟಿಗೂ ಕೆಳಗೆ ತೂತು ಕೊರೆದು ಆ ಸರಳಿಗೆ ಪೋಣಿಸುತ್ತಾರೆ, ಒಂದೂ ಹಾದಿ ತಪ್ಪುವಂತಿಲ್ಲ. ಮರಕ್ಕೆ ನೆನಪಿಲ್ಲ ಎನ್ನುವವರಿದ್ದಾರೆ. ನನಗೆ ಎಲ್ಲ ನೆನಪಿದೆ, ಅದರಲ್ಲೂ ಒಬ್ಬನ ಹೆಸರು ಚೆನ್ನಾಗಿ ನೆನಪಿದೆ.

ಧಾರವಾಡದ ಬಡಿಗ ಮೌಲಾಸಾಬ ನನ್ನನ್ನು ಒಂದು ಹಳೆಯ ಬಾಗಿಲಿನಿಂದ ಮಾಡಿದ. ಮಾಡಿಸಿದವರು ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಇಂದುಮತಿ ಕೆರೂರ. ಎಲ್ಲರಿಗೂ ಅವರು ಕೆರೂರ ಬಾಯಾರು. ಇನ್ನೂರು ವರ್ಷದ ಹಿಂದಿನ ಜರ್ಮನಿಯ ಭಾವನಾವಾದಿಗಳು ಅವರ ವಿಷಯ. ಜಗತ್ತು ನಮ್ಮ ಅರಿವಿನ ಹೊರಗೆ ತಾನಾಗಿ ನಿಂತಿದೆಯೋ, ಅರಿವಿನೊಳಗೇ ಮೂಡುತ್ತದೆಯೋ ಎಂದು ಆ ಜನ ಜೀವಮಾನವಿಡೀ ಜಗಳಾಡಿದ್ದರಂತೆ. ಬಾಯಾರು ತಾವಾಗಿಯೇ ಜರ್ಮನ್ ಕಲಿತು ಅವರನ್ನು ಮೂಲದಲ್ಲೇ ಓದಿದರು. ತಿಳಿದದ್ದನ್ನು ಕನ್ನಡದಲ್ಲಿ ಚೀಟಿಗೆ ಇಳಿಸಿದರು. ನಡುನಡುವೆ ಲೇಖನಗಳು ಅಚ್ಚಾದವು. ಆದರೆ ಅವರ ಕಣ್ಣು ಇದ್ದದ್ದು ಒಂದು ದೊಡ್ಡ ಗ್ರಂಥದ ಮೇಲೆ. ಇಪ್ಪತ್ತೆರಡು ವರ್ಷಕ್ಕೆ ನನ್ನ ಹೊಟ್ಟೆಯಲ್ಲಿ ಸಾವಿರದ ಇನ್ನೂರು ಚೀಟಿ ತುಂಬಿದವು.

ಚೀಟಿಗೆ ಒಂದು ಶಿಸ್ತಿತ್ತು. ಮೇಲೆ ವಿಷಯ. ಬಲಮೂಲೆಯಲ್ಲಿ, ಮಾತು ಯಾರದೋ ಅವರ ಹೆಸರಿನ ಮೊದಲಕ್ಷರ ಮತ್ತು ಒಂದು ಅಂಕಿ. ತಳದಲ್ಲಿ ‘ನೋಡಿ’ ಎಂದು ಬರೆದು, ಮುಂದೆ ಯಾವ ಚೀಟಿ ತೆಗೆಯಬೇಕೆಂಬ ಸೂಚನೆ.

ವಿಭಾಗದಲ್ಲಿ ಚಹಾ ಮಾಡುತ್ತಿದ್ದವಳು ಫಕೀರವ್ವ. ಬಾಯಾರಿಗೆ ಕಗ್ಗಂಟಾದ ವಿಚಾರವನ್ನು ಮೊದಲು ಅವಳಿಗೆ ಬಿಡಿಸಿ ಹೇಳುವ ರೂಢಿ. ಅವಳಿಗೆ ತಿಳಿಯದಿದ್ದರೆ ತಮಗೇ ತಿಳಿದಿಲ್ಲ ಎಂದು ಮತ್ತೆ ಓದಲು ಕೂರುತ್ತಿದ್ದರು. ಒಮ್ಮೆ, ವಸ್ತು ನಮಗೆ ಕಾಣುವ ಬಗೆ ಬೇರೆ, ತನ್ನಷ್ಟಕ್ಕೆ ತಾನಿರುವ ಬಗೆ ಬೇರೆ ಎಂದು ಬಾಯಾರು ವಿವರಿಸಿದಾಗ ಫಕೀರವ್ವ ಕಪ್ಪು-ಬಸಿ ತೊಳೆಯುತ್ತಲೇ ಅಂದಳು: “ಅದರಾಗೇನೈತ್ರಿ ಬಾಯಾರ? ಚಹಾದ ರುಚಿ ಕುಡದಾಂವಗ ಗೊತ್ತು. ಕುದ್ದದ್ದು ಚಹಾಕ್ಕ ಗೊತ್ತು.”

ಬಾಯಾರು ಅದನ್ನು ಗ್ರಂಥದ ಭಾಷೆಗೆ ತಿರುಗಿಸಿ ಚೀಟಿಗೆ ಬರೆದರು. ಓದಿ ಅವಳಿಗೆ ಕೇಳಿಸಿದರು. ಮೂಲೆಯಲ್ಲಿ ‘ಫ. 7’ ಎಂದು ಹಾಕಿದರು. ಅಂಥ ನಲವತ್ತು ಚೀಟಿಗಳಿದ್ದವು.

ಈಗ ಆ ಹೆಸರು ಹೇಳುತ್ತೇನೆ: ಪ್ರಹ್ಲಾದ ಕಾತರಕಿ. ಬಾಯಾರ ಶಿಷ್ಯ, ಆಮೇಲೆ ಅದೇ ವಿಭಾಗದಲ್ಲಿ ಅಧ್ಯಾಪಕ. ಬಾಯಾರಿಗೆ ಲಕ್ವ ಹೊಡೆದು ಬಲಗೈ ಮತ್ತು ಮಾತು ಎರಡೂ ಹೋದವು. ಫಕೀರವ್ವ ಕೆಲಸ ಬಿಟ್ಟು ಅವರ ಆರೈಕೆಗೆ ನಿಂತಳು. ಅವಳು ಔಷಧ ತರಲು ಹೋಗಿದ್ದ ಒಂದು ಮುಂಜಾನೆ ಕಾತರಕಿ ಮನೆಗೆ ಬಂದ.

“ಬಾಯಾರ, ಚಿಂತಿ ಮಾಡಬ್ಯಾಡ್ರಿ. ಇದನ್ನ ನಾ ಜ್ವಾಪಾನ ಮಾಡ್ತೀನಿ” ಎಂದು ನನ್ನನ್ನು ಎತ್ತಿಕೊಂಡ. ಬಾಯಾರು ಎಡಗೈಯಿಂದ ನನ್ನ ಹಿಡಿಯನ್ನು ಬಿಗಿಯಾಗಿ ಹಿಡಿದರು. ಅವನು ನಗುನಗುತ್ತಲೇ ಒಂದೊಂದು ಬೆರಳನ್ನೂ ಬಿಡಿಸಿದ.

ಅವನ ಮನೆಯಲ್ಲಿ ಒಂದು ವರ್ಷ ಇದ್ದೆ. ತನ್ನ ಹೆಸರಿನ ಗ್ರಂಥಕ್ಕೆ ನಕಲು ಮಾಡಿಕೊಂಡ ಚೀಟಿಗಳನ್ನು ಸರಳಿನಿಂದ ಎಳೆದು ದಿನಾ ಬೆಳಿಗ್ಗೆ ಬಚ್ಚಲ ಒಲೆಗೆ ಹಾಕುತ್ತಿದ್ದ. ಬಾಯಾರ ಇಪ್ಪತ್ತೆರಡು ವರ್ಷದ ಬೆವರಿನಲ್ಲಿ ನೀರು ಕಾಯಿಸಿ ಅವನು ಸ್ನಾನ ಮಾಡಿದ. ಪೂಜೆಗೆ ಕೂತು ಗಂಟೆಯನ್ನೂ ಬಾರಿಸಿದ. ನಾನು ಖಾಲಿಯಾಗುತ್ತ ಹೋದೆ, ಸಿಟ್ಟು ಮಾತ್ರ ತುಂಬುತ್ತ ಹೋಯಿತು. ನನಗೆ ಕೈಯಿದ್ದಿದ್ದರೆ ಅವನನ್ನು ಅದೇ ಒಲೆಗೆ ನೂಕುತ್ತಿದ್ದೆ.

ಆದರೆ ಹೊಟ್ಟೆಯೊಳಗೆ ಒಂದು ಸಂತೋಷವೂ ಇತ್ತು. ಆ ನಲವತ್ತು ಚೀಟಿಗಳನ್ನೂ ಅವನು ಅಕ್ಷರ ಬಿಡದೆ ಬರೆದುಕೊಂಡಿದ್ದ. ಜರ್ಮನ್ ಬಾರದ ಮನುಷ್ಯ ‘ಫ.’ ಯಾರೆಂದು ತಲೆ ಕೆಡಿಸಿಕೊಂಡು, ಕೊನೆಗೆ ತಾನೇ ಒಬ್ಬನನ್ನು ಹುಟ್ಟಿಸಿದ. ಗ್ರಂಥದ ಅನುಬಂಧದಲ್ಲಿ ಬರೆದ: “ಫ.: ಏಕಾಂತಪ್ರಿಯ ಜರ್ಮನ್ ದಾರ್ಶನಿಕ. ಕ್ಷಯರೋಗದಿಂದ ಅಕಾಲ ಮರಣ.” ಹತ್ತು ವರ್ಷ ಫಕೀರವ್ವನ ಕೈಯ ಚಹಾ ಕುಡಿದಿದ್ದ. ಒಂದು ದಿನವೂ ಅವಳ ಹೆಸರು ಕೇಳಿರಲಿಲ್ಲ. “ಏ ಚಹಾ” ಎಂದಷ್ಟೇ ಕೂಗುತ್ತಿದ್ದ.

ಗ್ರಂಥ ಬಿಡುಗಡೆಯ ದಿನ ನನ್ನನ್ನೂ ವೇದಿಕೆಯ ಮೇಲಿಟ್ಟ, ತನ್ನ ತಪಸ್ಸಿನ ಸಾಕ್ಷಿ ಎಂದು. ಗುರುವಂದನೆಯ ನೆಪದಲ್ಲಿ ಬಾಯಾರನ್ನು ಗಾಲಿಕುರ್ಚಿಯಲ್ಲಿ ಕರೆಸಿ ಶಾಲು ಹೊದಿಸಿದ. ಪಕ್ಕದಲ್ಲಿ ಫಕೀರವ್ವ ಕೂತಿದ್ದಳು. ಅವನು ಗ್ರಂಥ ತೆರೆದು ಗಂಭೀರವಾಗಿ ಓದಿದ: “ಸ್ವಾದವು ಆಸ್ವಾದಿಸುವವನಿಗೆ ವೇದ್ಯ. ಕುದಿತದ ಅನುಭವವು ವಸ್ತುವಿಗೆ ಮಾತ್ರ ವೇದ್ಯ. ಇದು ದಾರ್ಶನಿಕ ಫ. ಅವರ ಮಾತು.”

ಮೈಸೂರಿನಿಂದ ಅತಿಥಿಯಾಗಿ ಬಂದಿದ್ದ ಪ್ರೊಫೆಸರ್ ಜವರಪ್ಪ ಹುಬ್ಬು ಗಂಟಿಕ್ಕಿದರು. “ಕಾತರಕಿಯವರೇ, ನಾನು ಎಂಟು ವರ್ಷ ಜರ್ಮನಿಯಲ್ಲೇ ಓದಿದೋನು. ಇವರ ಹೆಸರು ಒಂದ್ಕಡೆನೂ ಕಂಡಿಲ್ವಲ್ಲ. ಪೂರ್ತಿ ಹೆಸರೇನು?”

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕಾತರಕಿ ಮೇಜಿನ ಮೇಲಿನ ಲೋಟ ಎತ್ತಿ ಗಟಗಟ ಕುಡಿದ. “ಅದು... ಅವರ ಹಸ್ತಪ್ರತಿ ಎಲ್ಲಾ ಕಳದು ಹೋಗ್ಯಾವ್ರಿ.”

ಫಕೀರವ್ವ ಎದ್ದು ನಿಂತಳು. “ಏನೂ ಕಳದಿಲ್ರಿ ಸರ. ಆ ಮಾತು ನಂದು. ನಾ ಫಕೀರವ್ವ. ಹತ್ತ ವರ್ಷ ಈ ಸಾಹೇಬರಿಗೆ ಚಹಾ ಕೊಟ್ಟೀನಿ. ನನ್ನ ಹೆಸರ ಏನಂತ ಒಮ್ಮೆರ ಕೇಳ್ಯಾರೇನು ಕೇಳ್ರಿ.”

ಯಾರೋ ನಕ್ಕರು. ಅವಳು ಹಿಂಜರಿಯಲಿಲ್ಲ. “ಎಂಟನೇದು ಹೇಳ್ತೀನಿ, ಪುಸ್ತಕದಾಗ ನೋಡ್ಕೋರಿ. ಬಾಯಾರು ನಂಗ ಓದಿ ಹೇಳಿದ್ದು. ಹಸಿದವನ ‘ನಾನು’ ಎಂಬ ಅರಿವು ಉದರದಲ್ಲಿ ಆರಂಭವಾಗುತ್ತದೆ, ಶಿರಸ್ಸಿನಲ್ಲಿ ಅಲ್ಲ.”

ಜವರಪ್ಪನವರು ಹಾಳೆ ತಿರುವಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅವಳು ಒಂಬತ್ತು, ಹತ್ತು, ಹನ್ನೊಂದು ಹೇಳಿದಳು. ಅವರು ಪ್ರತಿ ಸಲ ತಲೆಯಾಡಿಸಿದರು. ಸಭೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ, ಬಾಯಾರೊಬ್ಬರನ್ನು ಬಿಟ್ಟು. ಅರ್ಧ ಮುಖದಲ್ಲಿ ಅವರು ನಕ್ಕ ಆ ನಗು ನೋಡಿ ನನ್ನ ಹಲಗೆಗಳೆಲ್ಲ ತಣ್ಣಗಾದವು.

ಗ್ರಂಥವನ್ನು ಹಿಂದಕ್ಕೆ ಪಡೆದು, ಬಾಯಾರ ಹೆಸರಿನಲ್ಲಿ ಮತ್ತೆ ಅಚ್ಚು ಹಾಕಿದರು. ಅನುಬಂಧದಲ್ಲಿ ಈಗ “ಫ.: ಫಕೀರವ್ವ, ಧಾರವಾಡ” ಎಂದಿದೆ. ಕಾತರಕಿ ಕೈಕಾಲು ಹಿಡಿದು ನೌಕರಿ ಉಳಿಸಿಕೊಂಡ. ಅಷ್ಟೇ ಶಿಕ್ಷೆ ನನಗೆ ಸಾಲದೆನಿಸಿತು, ಬಾಯಾರಿಗೂ. ಅವರು ಆರು ತಿಂಗಳು ಎಡಗೈಯಲ್ಲಿ ಅಕ್ಷರ ತಿದ್ದಿದರು. ಒಂದು ಚೀಟಿ ಬರೆದು ತಾವೇ ಸರಳಿಗೆ ಪೋಣಿಸಿ, ನನ್ನನ್ನು ವಿಭಾಗದ ಓದುಕೋಣೆಗೆ ದಾನ ಕೊಟ್ಟರು. ಆಮೇಲೆ ಹೆಚ್ಚು ದಿನ ಬದುಕಲಿಲ್ಲ.

ಈಗ ನಾನು ಕಿಟಕಿಯ ಪಕ್ಕದ ಮೂಲೆಯಲ್ಲಿದ್ದೇನೆ. ಮೈಯ ಬಣ್ಣ ಮಾಸಿದೆ, ಹಿಡಿ ಸಡಿಲವಾಗಿದೆ. ಕ್ಷಮೆ ದೊಡ್ಡದು ಎಂದು ಈ ಕೋಣೆಯಲ್ಲಿ ಬಹಳ ಜನ ಹೇಳುವುದನ್ನು ಕೇಳಿದ್ದೇನೆ. ಸುಟ್ಟದ್ದು ಅವರ ಹೊಟ್ಟೆಯೊಳಗಿನದಲ್ಲ, ಹೇಳಿಕೊಳ್ಳಲಿ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಕುತೂಹಲದಿಂದ ನನ್ನ ಖಾನೆ ಎಳೆಯುತ್ತಾರೆ. ಒಳಗೆ ಇರುವುದು ಅದೊಂದೇ ಚೀಟಿ. ಮೇಲೆ, ಸೊಟ್ಟ ಅಕ್ಷರದಲ್ಲಿ ವಿಷಯ: ಕಳ್ಳ. ತಳದಲ್ಲಿ: ನೋಡಿ, ಕಾತರಕಿ. ಓದಿದವರು ತಲೆಯೆತ್ತಿ ಎದುರಿನ ಕೋಣೆಯಲ್ಲಿ ಕೂತವನನ್ನು ನೋಡುತ್ತಾರೆ.

ಅವನೂ ಒಂದು ದಿನ, ಯಾರೂ ಇಲ್ಲದಾಗ ಬಂದು ನನ್ನ ಖಾನೆ ಎಳೆದ. ಚೀಟಿ ಓದಿದ. ಹರಿದು ಬಿಸಾಡಬಹುದಿತ್ತು. ಆದರೆ ಹರಿದವರು ಯಾರೆಂದು ಮರುದಿನ ಎಲ್ಲರಿಗೂ ತಿಳಿಯುತ್ತಿತ್ತು. ಮೆಲ್ಲಗೆ ಖಾನೆಯನ್ನು ಒಳಗೆ ನೂಕಿ ಹೋದ. ಈಗ ಅವನು ಆ ಚೀಟಿಯನ್ನು ನಿಜವಾಗಿಯೂ ಜೋಪಾನ ಮಾಡುತ್ತಿದ್ದಾನೆ.