ಮದ್ದಿನ ದಫ್ತರದ ಶಾಗಿರ್ದ

ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಮಸ್ಕಿಯ ಪಕೀರಪ್ಪ ಯಾರು ಏನು ಹೇಳಿದರೂ ನಂಬುವ ಹಾಗಾಗಿದ್ದ. ಹೆಂಡತಿ ಹುಲಿಗೆಮ್ಮನಿಗೆ ಈಗ ಮತ್ತೆ ಏಳು ತಿಂಗಳು. ಸಾಲಗುಂದದ ಕರಿಬಸಯ್ಯ ಶಾಸ್ತ್ರ ನೋಡಿ, "ನಿಮ್ಮ ಮುತ್ಯಾ ದುರುಗಪ್ಪ ನೀವು ಹಿರ್ಯಾರಿಗೆ ಇಟ್ಟ ಎಡಿ ಮುಟ್ಟವಲ್ಲ. ಕಸಬು ಕಲಿಸಿದ ಉಸ್ತಾದನ್ನ ಮರ್ತೀರಿ. ಅವನ ಹೆಸರು ಹಿಡಿದು ಅಮಾಸಿಗೆ ಒಂದು ಎಡಿ ಇಡು, ಕೂಸು ಉಳೀತೈತಿ" ಅಂದಿದ್ದ.

ಉಸ್ತಾದ ಯಾರು ಅಂತ ಯಾರಿಗೆ ಗೊತ್ತು? ಬಂಡೆಗೆ ಮದ್ದು ತುಂಬಿ ಬಾವಿ ತೋಡುವ ಕಸಬು ಮನೆಗೆ ಬಂದದ್ದು ಅಪ್ಪನ ಅಪ್ಪನಾದ ಮುತ್ಯಾನಿಂದ. ಅದನ್ನೇ ಹಿಡಿದು ಪಕೀರಪ್ಪ ಸಿಂಧನೂರಿನ ಕಡೆ ಕಾಲುವೆಯ ಬಂಡೆ ಒಡೆಯುತ್ತಿದ್ದ. ಮುತ್ಯಾ ಕಲಿತದ್ದು ಮುದಗಲ್ಲಿನಲ್ಲಿ ಎಂಬುದಷ್ಟೇ ಅವನಿಗೆ ಗೊತ್ತು. ಅಜ್ಜಿ ತಿಮ್ಮವ್ವನನ್ನು ಕೇಳಿದರೆ ಗೋಡೆ ಕಡೆ ಮುಖ ತಿರುಗಿಸಿದಳು. ಎಂಬತ್ತು ದಾಟಿದ ಜೀವ, ನೆನಪು ಹೋಗಿರಬೇಕು ಎಂದುಕೊಂಡ. ನೆನಪು ಹೋಗುವ ಹೆಣ್ಣೇ ಅಲ್ಲ ಅವಳು, ಬಿಡಿ.

ಮದ್ದು ಮುಟ್ಟುವವರ ಹೆಸರು ನಿಜಾಮರ ಕಾಲದಲ್ಲಿ ದಫ್ತರಕ್ಕೆ ಏರುತ್ತಿತ್ತು. ಪಕೀರಪ್ಪ ಲಿಂಗಸುಗೂರಿನ ಕಚೇರಿಗೆ ಹೋದ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದು ನಾಲ್ಕು ವರ್ಷವಾದರೂ ಹಳೆಯ ಉರ್ದು ಕಾಗದಗಳು ಗಂಟು ಬಿಚ್ಚದೆ ಬಿದ್ದಿದ್ದವು. ಅವನ್ನು ಓದಬಲ್ಲ ಮುದಿ ಗುಮಾಸ್ತ ನಬೀಸಾಬ್ ಮೂರು ದಿನ ಧೂಳು ಕುಡಿದು ಕೊನೆಗೆ ಒಂದು ಹಾಳೆಯ ಮೇಲೆ ಬೆರಳಿಟ್ಟ.

"ಎಪ್ಪತ್ತು ವರ್ಷದ ಹಿಂದಿಂದು ನೋಡು. ಮುದಗಲ್. ಉಸ್ತಾದ್ ಅಮೀನ್‌ಸಾಬ್. ಶಾಗಿರ್ದರು, ಅಂದ್ರ ಶಿಷ್ಯರು, ಇಬ್ಬರು. ಒಬ್ಬಾವ ಮಸ್ಕಿ ದುರುಗಪ್ಪ."

ಪಕೀರಪ್ಪನ ಕಣ್ಣು ತುಂಬಿತು. ಹೆಸರು ಸಿಕ್ಕಿತಲ್ಲ, ಕೂಸು ಉಳಿದಂತೆಯೇ.

"ತಡೀಪಾ. ಅವನ ಮುಂದ ಫೌತ್ ಅಂತ ಬರದೈತಿ. ಬಾವ್ಯಾಗ ಮದ್ದು ಸಿಡಿದು, ಅದ ವರ್ಷ."

"ಫೌತ್ ಅಂದ್ರ ಸತ್ತ ಅಂತಲ್ರೀ? ನಮ್ಮ ಮುತ್ಯಾ ಮುಪ್ಪಾಗಿ ಸತ್ತಾನ, ನಾನ ಹೆಗಲು ಕೊಟ್ಟೀನ್ರೀ."

"ಕಾಗದ ಹೇಳಿದ್ದು ನಾ ಹೇಳಾಕತ್ತೀನಿ. ಇನ್ನೊಬ್ಬ ಶಾಗಿರ್ದ ಬದುಕ್ಯಾನ. ತಂದಿ ಯಾರೋ ಗೊತ್ತಿಲ್ಲ ಅಂತೈತಿ." ನಬೀಸಾಬ್ ಕನ್ನಡಕ ತೆಗೆದು ಅವನನ್ನೇ ದಿಟ್ಟಿಸಿದ. "ಹೆಸರು ಪಕೀರಪ್ಪ."

ಪಕೀರಪ್ಪ ಓದು ಬಾರದಿದ್ದರೂ ಆ ಹಾಳೆಯ ಮೇಲೆ ಬಗ್ಗಿದ. ಅವನ ಅಪ್ಪ ಹುಟ್ಟುವ ಮೊದಲೇ ಯಾರೋ ಅವನ ಹೆಸರು ಬರೆದಿಟ್ಟಿದ್ದರು.

ಮನೆಗೆ ಬಂದು ತಿಮ್ಮವ್ವನ ಮುಂದೆ ಎಲ್ಲ ಹೇಳಿದ. ಈ ಸಲ ಅವಳು ಮುಖ ತಿರುಗಿಸಲಿಲ್ಲ.

"ದುರುಗಪ್ಪ ಹತ್ತು ವರ್ಷದಾವ ಇದ್ದಾಗ ಮುದಗಲ್ಲಿಗೆ ಹ್ವಾದ. ನಮ್ಮಿಬ್ಬರ ಮದಿವ್ಯಾಗ ನಾನೂ ಕೂಸು, ಅವನ ಮಾರಿ ನೋಡಿದ್ದಿಲ್ಲ. ದುರುಗಪ್ಪನ ಅವ್ವಗ ಕಣ್ಣು ಕಾಣ್ತಿದ್ದಿಲ್ಲ. ನಿಮ್ಮ ಮಗ ಸತ್ತಾನ ಅಂತ ಹೇಳಾಕ ಬಂದ ಆ ಇನ್ನೊಬ್ಬ ಶಾಗಿರ್ದನ ಮೈ ಸವರಿ, ಬಂದ್ಯಾ ದುರುಗ ಅಂದ್ಲು. ಅಲ್ಲ ಅನ್ನಾಕ ಆತಗ ಬಾಯಿ ಬರಲಿಲ್ಲ, ದುರುಗಪ್ಪ ಅನ್ನಿಸಿಕೊಂಡ ನನ್ನ ಗಂಡಾಗಿ ಉಳದ. ಆಮ್ಯಾಲ ನನ್ನ ಮುಂದ ಅತ್ತು ಖರೇ ಹೇಳ್ದ."

ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು. ಆದರೆ ತಿಮ್ಮವ್ವ ದುರುಗಪ್ಪ, ದುರುಗಪ್ಪ ಅಂತ ಸಲೀಸಾಗಿ ಅನ್ನುತ್ತಿದ್ದಳು, ಊರು ಗಯ್ಯಾಳಿ ಅಂತ ನಗುತ್ತಿತ್ತು. ಮೊಮ್ಮಗನನ್ನು ಮಾತ್ರ ಒಮ್ಮೆಯೂ ಹೆಸರಿಟ್ಟು ಕರೆದವಳಲ್ಲ.

"ನನಗ ಆ ಹೆಸರು ಇಟ್ಟಾಕಿ ನೀನ ಏನಬೇ?"

"ಹೂಂ. ಮಂದ್ಯಾದ್ರೂ ಕರೀಲಿ ಅಂತ. ಸಾಯೂತನಕ ಯಾರೂ ಆತನ್ನ ಆತನ ಹೆಸರ್ಲೆ ಕರೀಲಿಲ್ಲ."

ಅಮಾವಾಸ್ಯೆಯ ಮಧ್ಯಾಹ್ನ ಮೂರು ಎಡೆ ಇಟ್ಟರು. ಹೆಸರು ಹಿಡಿದು ಕರೆಯದಿದ್ದರೆ ಹಿರಿಯರು ಬರುವುದಿಲ್ಲ. ಅಮೀನ್‌ಸಾಬನನ್ನು ಕರೆದದ್ದಾಯಿತು, ದುರುಗಪ್ಪನನ್ನು ಕರೆದದ್ದಾಯಿತು. ಮುತ್ಯಾನದಾದ ಮೂರನೆಯ ಎಡೆಯ ಮುಂದೆ ಪಕೀರಪ್ಪನ ನಾಲಿಗೆ ಏಳಲಿಲ್ಲ. ಬಸುರಿ ಹೆಂಡತಿ ಎದುರಿಗಿರುವಾಗ ತನ್ನನ್ನೇ ತಾನು ಸತ್ತವರ ಸಾಲಿಗೆ ಕರೆಯುವುದು ಹೇಗೆ? ಕರೆಯದಿದ್ದರೆ ಕೂಸಿನ ಗತಿ ಏನು?

ತಿಮ್ಮವ್ವ ಗೋಡೆ ಹಿಡಿದು ಎದ್ದು ಬಂದಳು.

"ಪಕೀರಪ್ಪ," ಅಂದಳು. "ಬಾ, ಉಣ್ಣು ಬಾ."

"ಓ," ಅಂದಿತು ಪಕೀರಪ್ಪನ ಬಾಯಿ. ಅವನು ಅನ್ನಬೇಕೆಂದು ಅಂದದ್ದಲ್ಲ, ದನಿಯೂ ಅವನದಲ್ಲ. ಹುಲಿಗೆಮ್ಮ ಎರಡೂ ಕೈಯಿಂದ ಹೊಟ್ಟೆ ಅವುಚಿಕೊಂಡು ಹಿಂದೆ ಸರಿದಳು. ತಿಮ್ಮವ್ವ ಮಾತ್ರ ಅವನನ್ನೊಮ್ಮೆ ನೋಡಿ, ಸೆರಗು ತಲೆಯ ಮೇಲೆಳೆದುಕೊಂಡು, ನಾಚಿ ಬಾಗಿಲ ಮರೆಗೆ ನಿಂತಳು.