ಶಾಪಕ್ಕೂ ಅದೇ ಮಾತು

ಹಿರಿಯರ ಕೋಟಿನ ಎಡತೋಳು ಅರ್ಧ ಇಂಚು ಉದ್ದವಾಯಿತು, ದರ್ಜಿಯವಳ ಕಣ್ಣಿಗೆ ವೇದಿಕೆ, ಹೂವು ಎಲ್ಲಕ್ಕಿಂತ ಮೊದಲು ಬಿದ್ದದ್ದು ಅದೇ, ಬೇರೆ ಯಾರೋ ಹೊಲಿದದ್ದು, ಸದ್ಯ, ತನ್ನ ಹತ್ತಿರ ಬಂದಿದ್ದರೆ ಒಳಗೊಂದು ಸೂಜಿ ಬಿಟ್ಟೇ ಹೊಲಿಯುತ್ತಿದ್ದಳು — ಚರ್ಚಿನ ಹಿರಿಯರಾಗಿ ಮೂವತ್ತು ವರ್ಷ, ಅದಕ್ಕೆ ಇವತ್ತು ಸನ್ಮಾನ, ಮನೆಮನೆಯ ಜಗಳ ಬಿಡಿಸಿದ ನ್ಯಾಯವಂತರಂತೆ, ಅಬ್ಬಾ, ಬಿಡಿಸಿದ್ದೇ ಬಿಡಿಸಿದ್ದು, ತನ್ನ ತಂಗಿಯ ಜಗಳ ಬಿಡಿಸಿದ್ದು ಇದೇ ಸಭಾಂಗಣದ ಹಿಂದಿನ ಕೋಣೆಯಲ್ಲಿ, ಫ್ಯಾನು ಕಿರುಗುಡುತ್ತಿದೆ, ತಂಗಿ ತೋಳು ಸರಿಸಿ ಗಂಡ ಕೊಟ್ಟ ಬಾಸುಂಡೆ ತೋರಿಸುತ್ತಾಳೆ, ಇವರು ಕಿಟಕಿಯ ಕಡೆ ನೋಡುತ್ತಾರೆ, ಸಂಸಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ ಮಗಳೇ, ಸಹಿಸ್ಕೋ, ಮನೆಗೆ ಹೋಗು, ದೇವರು ನೋಡ್ಕೋತಾನೆ, ಎಲ್ಲಿ, ಆಮೆನ್ ಅನ್ನು — ಅಂದಳು, ಪಾಪದ ಹುಡುಗಿ, ತುಟಿ ಅಲುಗಿತೋ ಇಲ್ಲವೋ, ಅಂದು ಹೋದಳು, ಮೂರನೇ ತಿಂಗಳಿಗೆ ಮೆಟ್ಟಿಲಿಂದ ಜಾರಿ ಬಿದ್ದು ಸತ್ತಳಂತೆ, ಜಾರಿದಳಂತೆ, ಮೆಟ್ಟಿಲಿಗೆ ಬೆರಳಿರುತ್ತದೆಯೇ, ಕತ್ತಿನ ಮೇಲೆ ಐದು ಗುರುತು ಬೀಳಲು, ಶವಪೆಟ್ಟಿಗೆ ಮುಚ್ಚುವಾಗಲೂ ಇವರದೇ ಪ್ರಾರ್ಥನೆ, ಇವರದೇ ಆಮೆನ್, ಅಂದಿನಿಂದ ಏಳು ವರ್ಷ ದರ್ಜಿಯವಳ ಬಾಯಲ್ಲಿ ಆ ಮಾತು ಹೊರಳಿಲ್ಲ — ಹೋದ ತಿಂಗಳು ಹೊಸ ಪಾಸ್ಟರನ್ನೇ ಕೇಳಿದಳು, ಅವರ ನಿಲುವಂಗಿಯ ಅಂಚು ಮಡಿಸುತ್ತಾ, ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡೇ, ಆಮೆನ್ ಅಂದ್ರೆ ಏನು ಪಾಸ್ಟರ್, ಹೀಬ್ರೂ ಮಾತಮ್ಮ, ಗಟ್ಟಿಯಾಗಿರೋದು, ನಂಬಬಹುದಾದ್ದು ಅನ್ನೋ ಬೇರಿನಿಂದ ಬಂದಿದ್ದು, ನಿಜ, ಹಾಗೇ ಆಗಲಿ ಅಂತ ಒಪ್ಪಿ ಸಹಿ ಹಾಕಿದ ಹಾಗೆ, ಒಳ್ಳೇದಕ್ಕೆ ಮಾತ್ರಾನಾ, ಪಾಸ್ಟರ್ ನಕ್ಕರು, ಇಲ್ಲಮ್ಮಾ, ಹಳೇ ಒಡಂಬಡಿಕೇಲಿ ಹನ್ನೆರಡು ಶಾಪ ಓದಿದ್ರೆ ಒಂದೊಂದಕ್ಕೂ ಜನ ಆಮೆನ್ ಅನ್ನಬೇಕು — ಶಾಪಕ್ಕೂ, ಪಿನ್ನು ಚುಚ್ಚಿತು, ಬಾಯೆಲ್ಲ ರಕ್ತದ ಉಪ್ಪು — ಈಗ ಹಿರಿಯರು ಮೈಕಿನ ಮುಂದೆ ಬಂದರು, ಕಣ್ಣು ಮುಚ್ಚಿದರು, ಕರ್ತನೇ, ಈ ಮೂವತ್ತು ವರ್ಷದಲ್ಲಿ ಯಾರಿಗಾದರೂ ನ್ಯಾಯ ತಪ್ಪಿ ನುಡಿದಿದ್ದರೆ ಈ ನಾಲಿಗೆ ಬಿದ್ದು ಹೋಗಲಿ, ಎಂಥ ವಿನಯ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ, ಮುಂದಿನ ಮಾತಿಗೆ ಉಸಿರು ಎಳೆದುಕೊಂಡರು, ಆ ಸಂದಿನಲ್ಲಿ ಅವಳು ನಿಂತಿದ್ದಳು, ಎದ್ದದ್ದು ಯಾವಾಗ, ಆಮೆನ್, ಏಳು ವರ್ಷದ್ದೆಲ್ಲ ಒಮ್ಮೆಗೇ ಹೊರಬಿತ್ತು, ಅವಳ ಹಿಂದೆಯೇ, ಅಭ್ಯಾಸಬಲ, ಮುನ್ನೂರು ಬಾಯಿ ಆಮೆನ್ ಅಂದವು, ಹಾಗೇ ಆಗಲಿ, ಅವರ ಹೆಂಡತಿಯೂ ಅಂದಳು, ಪಾಸ್ಟರೂ ಅಂದರು — ಹಿರಿಯರು ಕಣ್ಣು ತೆರೆದರು, ಅವಳನ್ನು ಕಂಡರು, ಗುರುತು ಹಿಡಿದರು, ಪ್ರಾರ್ಥನೆ ಮುಂದುವರಿಸಲು ನೋಡಿದರು, ಆಗಲಿಲ್ಲ, ಮೈಕಿನಲ್ಲಿ ಬರೀ ಉಸಿರು, ತೆರೆದ ಬಾಯಿ, ಒಳಗೆ ನಾಲಿಗೆ, ಮಿಸುಕುತ್ತಿದೆ, ಮಾತಿಲ್ಲ, ಆ ನಾಲಿಗೆ, ಒದ್ದೆ, ಕೆಂಪು, ನಾಲಿಗೆ